ಅಂಚು ಕತ್ತರಿಸಿದ ಪಂಚೆ

ಇಳಂಪರಿದಿಯ ಕಪಾಟಿನಲ್ಲಿ ನಲವತ್ತೊಂದು ಪಂಚೆಗಳಿದ್ದವು. ಬಣ್ಣದ ಅಂಚಿಲ್ಲದ್ದು ಒಂದೂ ಇರಲಿಲ್ಲ. ಕೆಳಗಿನ ಅರೆಯಲ್ಲಿದ್ದವು ಹಸಿರಂಚಿನವು. ಮೊದಲ ಎರಡು ಸಲ ಅವನನ್ನು ಶಾಸಕನನ್ನಾಗಿ ಮಾಡಿದ ಪಕ್ಷದವು. ಮೇಲಿದ್ದವು ನೇರಳೆ ಅಂಚಿನವು. ಏಳು ವರ್ಷದ ಹಿಂದೆ ಹೋಗಿ ಸೇರಿ, ಮೂರನೆಯ ಸಲ ಗೆದ್ದ ಪಕ್ಷದವು. ಬೆಳಿಗ್ಗೆ ಆರೂವರೆಯಿಂದ ಅವನು ಲುಂಗಿಯಲ್ಲೇ ಕಪಾಟಿನ ಮುಂದೆ ನಿಂತಿದ್ದ.

ಮಾಡಸಾಮಿ ತೀರಿಕೊಂಡಿದ್ದರು. ಬೀಡಿ ಕಾರ್ಮಿಕರ ಸಂಘ ಕಟ್ಟಿದವರು, ಕೊನೆಯವರೆಗೂ ಹಸಿರು ಪಕ್ಷ ಬಿಡದವರು. ಕಾಲೇಜಿನ ಪ್ರಯೋಗಾಲಯದಲ್ಲಿ ಸಹಾಯಕನಾಗಿದ್ದ ಇಳಂಪರಿದಿಯನ್ನು, "ಗಾಜಿನ ಕೊಳವೆಯಲ್ಲಿ ಬಣ್ಣ ತಿರುಗೋದು ನೋಡಿದ್ದು ಸಾಕು, ಹೊರಗೆ ಬಾ" ಎಂದು ಎಳೆದು ತಂದವರು. ಅವನು ಪಕ್ಷ ಬಿಟ್ಟ ಮೇಲೆ ಅವರ ಮನೆ ಮೆಟ್ಟಿಲು ಹತ್ತಿರಲಿಲ್ಲ. ಈಗ ಅವರ ಹೆಂಡತಿ ಇಸಕ್ಕಿಯಮ್ಮ ಹೇಳಿಕಳಿಸಿದ್ದರು: "ನೀನು ಹೆಗಲು ಕೊಡಬೇಕಂತೆ. ಹೋಗೋ ಮುಂಚೆ ಅವರೇ ಹೇಳಿದ್ರು."

"ನೇರಳೆ ಅಂಚು ಚಟ್ಟ ಮುಟ್ಟಿದ್ರೆ ಕೈ ಮುರೀತೀವಿ ಅಂತಿದಾರೆ ಹಸಿರಿನವರು" ಎಂದ ಡ್ರೈವರ್ ಸುಡಲೈ.

ಅಷ್ಟರಲ್ಲಿ ನೇರಳೆ ಪಕ್ಷದ ಜಿಲ್ಲಾ ಕಾರ್ಯದರ್ಶಿ ವೇಲ್ಮುರುಗು ಫೋನ್ ಮಾಡಿದ. "ಹೋಗಿ ಅಣ್ಣಾಚಿ, ಸಾವಿನ ಮನೆ, ಬೇಡ ಅನ್ನಲ್ಲ. ನಮ್ಮ ಅಂಚಲ್ಲೇ ಹೋಗಿ. ಟೀವಿಯವರು ಇರ್ತಾರೆ. ಅಭ್ಯರ್ಥಿಗಳ ಪಟ್ಟಿ ಇವತ್ತು ಸಂಜೆ."

ಪ್ರಯೋಗಾಲಯದಲ್ಲಿ ಒಂದನ್ನೇ ಬದಲಿಸಿ, ಮಿಕ್ಕಿದ್ದನ್ನು ಹಾಗೇ ಇಟ್ಟು ನೋಡಬಹುದಿತ್ತು. ಇಲ್ಲಿ ಒಂದನ್ನು ಮುಟ್ಟಿದರೆ ಎಲ್ಲವೂ ಅಲುಗುತ್ತಿದ್ದವು. ಬಿಳಿ ಅಂಚಿನದು ತರಲು ಸುಡಲೈಯನ್ನು ಕಳಿಸಿದ. ಅವನು ಬರಿಗೈಯಲ್ಲಿ ಬಂದ. ಮಾಡಸಾಮಿ ಹೋದರೆಂದು ಪೇಟೆಯ ಅಂಗಡಿಗಳೆಲ್ಲ ಬಾಗಿಲು ಹಾಕಿದ್ದವು.

"ಇಷ್ಟಕ್ಕೆ ಯಾಕ್ರೀ ಒದ್ದಾಟ?" ಎಂದು ಹೆಂಡತಿ ಪೊನ್ನುತ್ತಾಯಿ ನೇರಳೆ ಅಂಚಿನದೊಂದನ್ನು ಎಳೆದುಕೊಂಡಳು. ಹೊಲಿಗೆಯ ಕತ್ತರಿ ತಂದು ಎರಡೂ ಅಂಚನ್ನು ಉದ್ದಕ್ಕೆ ಕತ್ತರಿಸಿಬಿಟ್ಟಳು. ಪಂಚೆ ಗಿಡ್ಡವಾಯಿತು, ಹರಡಿನ ಮೇಲೆ ನೂಲು ಜೋತಾಡಿತು. ಆದರೆ ಬಿಳಿ. ಅವನ ಮನಸ್ಸು ಹಗುರಾಯಿತು.

ಆ ಹಗುರ ಮಾಡಸಾಮಿಯ ಬೀದಿಯ ತುದಿಯವರೆಗೆ ಬಂತು. ಕಾರಿನಿಂದ ಇಳಿದೊಡನೆ ಟೀವಿಯವನೊಬ್ಬ ಕ್ಯಾಮೆರಾವನ್ನು ಅವನ ಕಾಲಿನತ್ತ ಬಗ್ಗಿಸಿದ. "ಪಕ್ಷದ ಅಂಚು ಹರಿದು ಹಾಕಿದೀರಿ. ರಾಜೀನಾಮೆ ಯಾವಾಗ ಸಾರ್?"

"ಹರಿದಿಲ್ಲಪ್ಪ, ಕತ್ತರಿಸಿದ್ದು" ಎಂದ ಇಳಂಪರಿದಿ. ಹೇಳಿದ ಮೇಲೆ, ಇದು ಇನ್ನೂ ಕೆಟ್ಟದಾಯಿತೇನೋ ಅನ್ನಿಸಿತು.

ಹಸಿರಿನವರು ಗುಂಪಾಗಿ ಬಂದರು. ಕೈ ಮುರಿಯಲಿಲ್ಲ. ಅವರ ನಗರ ಕಾರ್ಯದರ್ಶಿ ಅಪ್ಪಿಕೊಂಡು, "ಗೊತ್ತಿತ್ತು, ಬರ್ತೀರಿ ಅಂತ" ಎಂದು ಹಸಿರು ಟವಲನ್ನು ಅವನ ಹೆಗಲಿಗೆ ಹೊದಿಸಿದ. ತೆಗೆದಿಟ್ಟರೆ ಸತ್ತವರಿಗೆ ಅವಮಾನ. ಇಟ್ಟುಕೊಂಡರೆ ಸಂಜೆಯ ಪಟ್ಟಿ. ಏನು ಮಾಡಬೇಕೆಂದು ತೋಚುವ ಮೊದಲೇ ಒಳಗೆ ಕರೆದರು.

ಇಸಕ್ಕಿಯಮ್ಮ ಗೋಡೆಗೊರಗಿ ಕೂತಿದ್ದರು. ಅವನ ಮುಖ ನೋಡಲಿಲ್ಲ, ಪಂಚೆ ನೋಡಿದರು. "ಇದೇನೋ, ಇಷ್ಟು ಗಿಡ್ಡ?"

"ಅಂಚು ಕತ್ತರಿಸಿದೆ ಅತ್ತಿಗೆ."

"ಯಾಕೆ? ಅವರೇನು ಅಂಚು ನೋಡಿ ಕರೆದ್ರಾ?"

ಮಾಡಸಾಮಿ ಅಣ್ಣ ತನ್ನನ್ನು ಕ್ಷಮಿಸಿ ಕರೆದರೋ, ಎತ್ತರದವನು ಹೆಗಲಿಗೆ ಸರಿಯಾಗುತ್ತಾನೆಂದು ಕರೆದರೋ, ಕೇಳೋಣವೆಂದರೆ ಅವರು ಮೂಗಿಗೆ ಹತ್ತಿ ಇಟ್ಟುಕೊಂಡು ಮಲಗಿದ್ದರು.

ಚಟ್ಟ ಅವನ ಎಡ ಹೆಗಲಿಗೆ ಬಂತು. ಹಸಿರು ಟವಲು ಬಿದಿರಿನ ಕೆಳಗೆ ಸಿಕ್ಕಿಕೊಂಡಿತು, ಇನ್ನು ತೆಗೆಯುವಂತಿರಲಿಲ್ಲ. ಎದೆಯ ಜೇಬಿನಲ್ಲಿ ಫೋನ್ ಬಡಿದುಕೊಳ್ಳತೊಡಗಿತು. ಬಲಗೈ ಬಿಡುವಾಗಿತ್ತು, ತೆಗೆಯಬಹುದಿತ್ತು. ಮೂರು ಸಲ ನಿಂತು ಮೂರು ಸಲ ಬಡಿಯಿತು. ಅವನು ಎತ್ತಲಿಲ್ಲ. ಯಾಕೆ ಎತ್ತಲಿಲ್ಲ ಎಂಬುದು ಅವನಿಗೂ ತಿಳಿಯಲಿಲ್ಲ.

ಸಂಜೆ ಸುಡುಗಾಡಿನಿಂದ ಬರುವಾಗ ಸುಡಲೈ ಮೊಬೈಲು ತೋರಿಸಿದ. ನೇರಳೆ ಪಕ್ಷ ಇಳಂಪರಿದಿಯನ್ನು ಹೊರಹಾಕಿತ್ತು. ಪಟ್ಟಿಯಲ್ಲಿ ವೇಲ್ಮುರುಗುವಿನ ಭಾವಮೈದನ ಹೆಸರಿತ್ತು. ಹಸಿರಿನ ನಗರ ಕಾರ್ಯದರ್ಶಿಯೂ ಅದನ್ನು ಓದಿದ್ದನೇನೋ, ದೂರದಿಂದಲೇ ಕೈ ಮುಗಿದು, "ನಮ್ಮ ಸೀಟು ಆಗಲೇ ಒಬ್ಬರಿಗೆ ಮಾತಾಗಿದೆ ಅಣ್ಣಾಚಿ. ಆರಾಮವಾಗಿರಿ" ಎಂದು ಬೈಕ್ ಹತ್ತಿದ.

"ನಾವು ಮಾಡಿದ್ದು ಸರಿಯೇನೋ ಸುಡಲೈ?"

"ಯಾವುದು ಅಣ್ಣಾಚಿ? ಬಂದದ್ದಾ, ಕತ್ತರಿಸಿದ್ದಾ?"

ಇಳಂಪರಿದಿ ಹೆಗಲು ನೀವಿಕೊಂಡ. ಎಡ ಹೆಗಲು ನೋಯುತ್ತಿತ್ತು. ಇಡೀ ದಿನದಲ್ಲಿ ಅದೊಂದರ ಕಾರಣ ಮಾತ್ರ ಅವನಿಗೆ ಖಚಿತವಾಗಿ ಗೊತ್ತಿತ್ತು.

ಮನೆಯ ಅಂಗಳದಲ್ಲಿ ಪೊನ್ನುತ್ತಾಯಿ ಅವನ ತಲೆಯ ಮೇಲೆ ನೀರು ಸುರಿದಳು. ಅವಳ ಹಿಂದೆ ಮಲ್ಲಿಗೆ ಬಳ್ಳಿಯನ್ನು ಕಂಬಕ್ಕೆ ಕತ್ತರಿಸಿದ ಎರಡು ನೇರಳೆ ಅಂಚುಗಳಿಂದ ಬಿಗಿದು ಕಟ್ಟಲಾಗಿತ್ತು.

"ಗಟ್ಟಿ ನೂಲು" ಎಂದಳು. "ನಾಳೆ ಹಾಲು ತುಪ್ಪ ಬಿಡೋಕೆ ಹೋಗಬೇಕಲ್ಲ. ಏನು ಉಡ್ತೀರಿ?"

ಅವನು ನೀರು ತೊಟ್ಟಿಕ್ಕುತ್ತ ಬಳ್ಳಿಯನ್ನು ನೋಡಿದ, ಅವಳನ್ನು ನೋಡಿದ. "ಇನ್ನೊಂದು ಕತ್ತರಿಸಿಡು" ಎಂದ. ಮುಖದ ನೀರು ಒರೆಸಿಕೊಂಡು, "ಯಾವ ಅಂಚಿನದಾದರೂ ಸರಿ" ಎಂದ.