ಹತ್ತು ನಿಮಿಷ ಮೊದಲೇ

ಗೋಡೆಯ ಗಡಿಯಾರ ಎರಡು ನಿಮಿಷ ಹಿಂದಿದೆ, ನ್ಯಾಯಾಲಯದ ಗಡಿಯಾರವೇ ಹಿಂದಿದ್ದರೆ ಹೇಗೆ, ಯಾರಾದರೂ ಒಂದು ಸ್ಟೂಲು ಕೊಟ್ಟರೆ ಈಗಲೇ ಹತ್ತಿ ಸರಿಮಾಡಿಯೇನು — ಛೆ, ಐವತ್ತು ವರ್ಷದ ಚಾಳಿ, ಮಗನ ಸಾವಿನ ತೀರ್ಪು ಕೇಳಲು ಬಂದವನಿಗೆ ಮುಳ್ಳಿನ ಚಿಂತೆ — ಅಂದೂ ಹೀಗೆಯೇ ಮುಳ್ಳು ನೋಡುತ್ತಿದ್ದೆ, ಅಂಗಡಿಯಲ್ಲಿ, ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಪಕ್ಕದಂಗಡಿಯ ಕ್ಷೌರಿಕ ಬಾಗಿಲಲ್ಲಿ ಬಂದು ನಿಂತ, ಕೈಯಲ್ಲಿ ಸೋಪಿನ ನೊರೆ ಹಾಗೆಯೇ ಇತ್ತು, ಯಜಮಾನ್ರೇ ಸ್ವಲ್ಪ ಕೂತ್ಕೊಳ್ಳಿ ಅಂದ, ಕೂತೇ ಇದೀನಲ್ಲಪ್ಪಾ ಅಂದು ನಾನು ನಕ್ಕೆ, ದೇವರೇ, ನಕ್ಕೆ, ನಿಮ್ಮ ಮಗನ್ನ ಪೊಲೀಸ್ನೋರು ಕೆಡವಿದ್ರಂತೆ, ಆಸ್ಪತ್ರೆಗೆ ಸೇರಿಸೋಷ್ಟರಲ್ಲಿ, ಅಂದ, ನೊರೆ ಹೊಸ್ತಿಲ ಮೇಲೆ ತೊಟ್ಟಿಕ್ಕಿತು, ಆಗಲೇ ರಿಪೇರಿಗೆ ಬಂದ ಗಡಿಯಾರಗಳೆಲ್ಲ ಹನ್ನೆರಡು ಹೊಡೆಯತೊಡಗಿದವು, ಒಂದಕ್ಕೊಂದು ಹೊಂದದೆ, ಒಂದು ಮುಗಿಸಿದರೆ ಇನ್ನೊಂದು ಶುರು, ಇವತ್ತಿಗೂ ನನ್ನ ಕಿವಿಯಲ್ಲಿ ಅವು ಹೊಡೆದು ಮುಗಿದಿಲ್ಲ.

ಬೆಳಿಗ್ಗೆ ಅವನು ಹೊರಡುವಾಗ ನಾನೇ ಹೇಳಿದ್ದು, ಗಿರಾಕಿ ಹನ್ನೊಂದು ಅಂದ್ರೆ ಹತ್ತು ಐವತ್ತಕ್ಕೆ ಅವರ ಮನೆ ಹತ್ರ ಇರಬೇಕು, ಕರೆಗಂಟೆ ಮಾತ್ರ ಹನ್ನೊಂದಕ್ಕೇ ಒತ್ತು, ಅಲ್ಲೀತನಕ ಗೇಟಿನ ಹೊರಗೆ ನಿಂತಿರು, ಗಡಿಯಾರದೋರೇ ಹೊತ್ತು ತಪ್ಪಿದರೆ ಯಾರು ನಂಬ್ತಾರೆ — ನನ್ನ ಅಪ್ಪ ನನಗೆ ಹೇಳಿದ್ದು, ನಾನು ಇವನಿಗೆ ಹೇಳಿದ್ದು, ಇವನೋ ಬಾಗಿಲಲ್ಲಿ ತಿರುಗಿ, ಹುಟ್ಟುವಾಗಲೇ ಹತ್ತು ದಿನ ಮೊದಲೇ ಬಂದೋನು ನಾನು, ನನಗೇ ಪಾಠ ಹೇಳ್ತೀಯೇನಪ್ಪಾ, ಸೊಸೆ ಒಳಗಿಂದ, ನಲವತ್ತಾದ್ರೂ ಬಾಯಿಗೇನು ಕಡಿಮೆ ಇಲ್ಲ, ಊಟದ ಹೊತ್ತಿಗಾದ್ರೂ ಮೊದಲು ಬನ್ನಿ — ರಿಪೇರಿಯಾದ ಗೋಡೆ ಗಡಿಯಾರವನ್ನು ಕಪ್ಪು ಬಟ್ಟೆಯಲ್ಲಿ ಸುತ್ತಿ, ಮಗುವಿನ ಹಾಗೆ ಎರಡೂ ತೋಳಲ್ಲಿ ಎತ್ತಿಕೊಂಡು ಹೋದ, ಹಾಗೆಯೇ ನಿಂತಿದ್ದನಂತೆ ಗೇಟಿನ ಹೊರಗೆ, ಎರಡೂ ತೋಳಲ್ಲಿ ಎತ್ತಿಕೊಂಡು.

ನಿಂತದ್ದೇ ತಪ್ಪಾಯಿತು. ಎದುರು ಮನೆಯ ಆಕೆ ಪೊಲೀಸರಿಗೆ ಎರಡು ಸಲ ಫೋನು ಮಾಡಿದಳು, ಎರಡನ್ನೂ ಇಲ್ಲಿ ಕೇಳಿಸಿದರು, ಮೊದಲನೆಯದರಲ್ಲಿ ಸುಳ್ಳಿಲ್ಲ, ಯಾರೋ ನಿಂತಿದಾನೆ, ನಮ್ಮ ಜನ ಅಲ್ಲ, ಮುಖ ನೋಡಿದ್ರೇ ಗೊತ್ತಾಗತ್ತೆ, ಏನು ಮಾಡ್ತಿದಾನಮ್ಮ, ನಿಂತಿದಾನೆ, ನಿಂತಿದ್ದಕ್ಕೆಲ್ಲ ನಾವು ಬರೋಕಾಗಲ್ಲಮ್ಮ, ಅಂದ ಪೊಲೀಸಿನವ — ನಾಲ್ಕು ನಿಮಿಷ ಬಿಟ್ಟು ಎರಡನೆಯದು, ಬಟ್ಟೇಲಿ ಬಂದೂಕು ಸುತ್ಕೊಂಡಿದಾನೆ, ನನಗೆ ಹೊಡೆದ, ಬೇಗ ಬನ್ನಿ, ಧ್ವನಿಯಲ್ಲಿ ಅಳುವೂ ಇತ್ತು, ಅಳು ಅಷ್ಟು ಬೇಗ ಎಲ್ಲಿಂದ ಬಂತು, ಆ ಅಳುವಿನ ಹಿಂದೆ, ದೂರದಲ್ಲಿ, ರಸ್ತೆಯ ಆಚೆಯಿಂದ ನನ್ನ ಮಗನ ದನಿ, ಅಮ್ಮಾ, ಗಂಟೆ ಎಷ್ಟಾಯ್ತು — ಕೈ ಎರಡೂ ತುಂಬಿದ್ದವಲ್ಲ, ಜೇಬಿನ ಫೋನು ತೆಗೆಯುವುದು ಹೇಗೆ — ಅಮ್ಮಾ, ಗಂಟೆ ಎಷ್ಟಾಯ್ತು, ಎರಡು ಸಲ ಕೇಳಿದ, ಅವನು ಕೇಳುತ್ತಿರುವಾಗಲೇ ಆಕೆ ಫೋನಿಗೆ ಹೇಳಿದಳು, ನೋಡಿ, ಬೆದರಿಸ್ತಿದಾನೆ.

ಜೀಪು ಬಂದಾಗ ಹನ್ನೊಂದಕ್ಕೆ ಒಂದು ನಿಮಿಷವಿತ್ತು. ಕೈ ಮೇಲೆತ್ತು ಅಂದರು, ಎತ್ತಿದರೆ ಬೇರೆಯವರ ಗಡಿಯಾರ ಬೀಳುತ್ತದೆ, ಅದನ್ನು ನೆಲಕ್ಕಿಡಲು ಬಾಗಿದ, ಬಾಗಿದವನ ಬೆನ್ನ ಮೇಲೆ ಇಬ್ಬರು ಬಿದ್ದರು, ಮೊಣಕಾಲು ಊರಿದರು, ಅವರ ವಿಚಾರಣೆ ಬೇರೆ ನಡೆಯುತ್ತಿದೆ, ಗಡಿಯಾರ ಮಾತ್ರ ಅವನ ಎದೆಯಡಿ ಹಾಗೆಯೇ ಇತ್ತು, ಗಾಜಿಗೆ ಒಂದು ಗೀರೂ ಇಲ್ಲ, ನನಗೆ ತೋರಿಸಿದರು, ಒಂದು ಗೀರೂ ಇಲ್ಲ.

ಆಕೆಯೂ ನನ್ನ ವಯಸ್ಸಿನವಳೇ, ಕನ್ನಡಕಕ್ಕೆ ದಾರ ಕಟ್ಟಿಕೊಂಡಿದ್ದಾಳೆ, ಬೆಳಿಗ್ಗೆ ಮೊಗಸಾಲೆಯಲ್ಲಿ ಎದುರಾಗಿ ಕೈ ಮುಗಿದು, ನನಗೆ ಭಯ ಆಯ್ತು ಅಣ್ಣಾ, ಅಂದಳು — ಅಣ್ಣಾ, ಈಗ ಅಣ್ಣ, ಅಂದು ನಮ್ಮ ಜನ ಅಲ್ಲ — ಭಯಪಟ್ಟು ತಪ್ಪು ತಿಳಿದರೆ ಶಿಕ್ಷೆ ಇಲ್ಲ, ವಕೀಲ ನನಗೆ ಬಿಡಿಸಿ ಹೇಳಿದ್ದಾನೆ, ಸುಳ್ಳೆಂದು ಗೊತ್ತಿದ್ದೂ, ಒಬ್ಬನ ಜನವನ್ನು ದ್ವೇಷಿಸಿ ಪೊಲೀಸರನ್ನು ಕರೆಸಿದರೆ ಈ ಕಾನೂನು ಹಿಡಿಯುತ್ತದೆ, ಸಾವಾದರೆ ಐದು ವರ್ಷದವರೆಗೆ, ಅಪರಾಧ ಸಾಬೀತಾಗಿದೆ, ಎಷ್ಟು ವರ್ಷ ಅನ್ನೋದಕ್ಕೆ ನಿಮ್ಮ ಮಾತೂ ತೂಗುತ್ತೆ ತಾತ — ಪ್ರಾರ್ಥನೆಯ ಮನೆಯ ಹಿರಿಯರು, ಕ್ಷಮಿಸಿಬಿಡಿ, ಮನಸ್ಸು ಹಗುರಾಗುತ್ತೆ, ಅಂದರು, ಸೊಸೆ ಪಕ್ಕದಲ್ಲಿ ನನ್ನ ತೋಳು ಹಿಡಿದು ಪಿಸುಗುಟ್ಟುತ್ತಾಳೆ, ಮಾವ, ಅದೊಂದು ಮಾತು ಮಾತ್ರ ಹೇಳಬೇಡಿ — ಕ್ಷಮಿಸೆಂದು ದಿನಾ ಬೇಡುವ ನಾಲಿಗೆ, ಕ್ಷಮಿಸಿದೆ ಅನ್ನಲು ಹೊರಟರೆ ಏಳುವುದಿಲ್ಲ, ಹತ್ತು ನಿಮಿಷ ಮೊದಲೇ ಹೋಗೆಂದವನನ್ನು ಮೊದಲು ಯಾರು ಕ್ಷಮಿಸಬೇಕು.

ತಾವು ಹೇಳೋದು ಏನಾದರೂ ಇದೆಯೇ, ನ್ಯಾಯಾಧೀಶರು ಕೇಳುತ್ತಿದ್ದಾರೆ, ನನ್ನನ್ನೇ, ಎದ್ದೆ, ಬರೆದು ತಂದ ಕಾಗದ ಮಡಿಕೆಯಲ್ಲೇ ಉಳಿಯಿತು, ಆಕೆಯ ಕಡೆ ತಿರುಗಿದೆ, ಹತ್ತು ಐವತ್ನಾಲ್ಕು ಆಗಿತ್ತಮ್ಮ, ಅಂದೆ, ಅವನು ಕೇಳಿದಾಗ ಹತ್ತು ಐವತ್ನಾಲ್ಕು ಆಗಿತ್ತು, ಅಷ್ಟು ಹೇಳಿದ್ರೆ ಸಾಕಿತ್ತು — ಕೂತೆ, ಆಕೆ ಕನ್ನಡಕ ತೆಗೆದಳು, ನ್ಯಾಯಾಧೀಶರು ಮೂರು ವರ್ಷ ಅಂದರು, ಯಾರೋ ಕುರ್ಚಿ ಎಳೆದರು, ಸೊಸೆಯ ಕೈ ನನ್ನ ತೋಳಿಂದ ಜಾರಿತು, ಮೂರು ವರ್ಷ, ಹೆಚ್ಚೋ ಕಡಿಮೆಯೋ ನನಗೆ ತಿಳಿಯದು, ಗೋಡೆಯ ಮುಳ್ಳು ಇನ್ನೂ ಎರಡು ನಿಮಿಷ ಹಿಂದೆಯೇ ಇದೆ, ಅದರಡಿಯಲ್ಲಿ ಅವನು ನಿಂತಿದ್ದಾನೆ, ಕಪ್ಪು ಬಟ್ಟೆ, ಎರಡೂ ತೋಳು — ದೇವರೇ, ನಿನ್ನ ಬಾಗಿಲಿಗೂ ನನ್ನ ಮಗ ಮೊದಲೇ ಬಂದುಬಿಟ್ಟಿದ್ದಾನೆ, ಹೊತ್ತಾಗುವವರೆಗೆ ಕರೆಗಂಟೆ ಒತ್ತುವವನಲ್ಲ ಅವನು, ಹೊರಗೆ ನಿಲ್ಲಿಸಬೇಡ ತಂದೆಯೇ, ಹೊತ್ತಾಯಿತು ಬಾ ಎನ್ನು, ಅವನ ತೋಳಿನ ಭಾರ ನೀನು ಇಳಿಸಿಕೋ.