ಹೂಳದೆ ಉಳಿದ ಹೊಕ್ಕುಳಬಳ್ಳಿ

ನನ್ನ ಹೆಂಡತಿ ಭದ್ರಮ್ಮ ಹೋದಳೆಂಬ ಸುದ್ದಿ ಸಾಲಿಗ್ರಾಮದ ನಮ್ಮ ಮನೆಗೆ ಬಂದಾಗ, ನಾನು ಮೈಸೂರಿನ ಆಸ್ಪತ್ರೆಗೆ ಒಯ್ಯಲು ಅವಳಿಗೆ ರಾಗಿ ಗಂಜಿ ಆರಿಸುತ್ತಿದ್ದೆ. ಫೋನಿನಲ್ಲಿ ತಮ್ಮನ ಮಗಳು ಮೀನಾ "ದೊಡ್ಡಪ್ಪಾ, ದೊಡ್ಡಮ್ಮ ಹೋದ್ರು" ಎಂದಳು. ಗಂಜಿಗೆ ಮುಚ್ಚಳ ಹಾಕಿ ಕುಳಿತೆ.

ಸಕ್ಕರೆ ಕಾಯಿಲೆ ಭದ್ರಮ್ಮನ ಕಾಲಿನ ರಕ್ತನಾಳಗಳನ್ನು ತಿಂದುಹಾಕಿತ್ತು. ಮೈಸೂರಿನ ಪ್ರಯೋಗಾಲಯದಲ್ಲಿ ಮೀನಾಳ ಕೆಲಸವೂ ಅದರ ಮೇಲೆಯೇ. ನಾಳಗಳ ಒಳಮೈಯ ಜೀವಕೋಶಗಳನ್ನು ಸಕ್ಕರೆ ಹೆಚ್ಚಿದ ದ್ರವದಲ್ಲಿಟ್ಟರೆ, ಅವನ್ನು ಕಾಪಾಡುವ ಒಂದು ಪ್ರೋಟೀನು ಕುಗ್ಗಿ, ಕೋಶಗಳು ಸಾಯುತ್ತವಂತೆ. ಪ್ರೋಟೀನನ್ನು ಹೆಚ್ಚಿಸಿದರೆ ಉಳಿದಾವೇ ಎಂದು ಅವಳು ನೋಡುತ್ತಿದ್ದಳು. ಆ ಕೋಶಗಳನ್ನು ತೆಗೆಯುವುದು ಹೊಕ್ಕುಳಬಳ್ಳಿಯಿಂದ.

ಹಿಂದಿನ ವರ್ಷ ಕೆ.ಆರ್. ನಗರದ ಆಸ್ಪತ್ರೆಯಲ್ಲಿ ನಮ್ಮ ಮಗಳು ಪ್ರಮೀಳಾ ಹೆತ್ತಾಗ ಮೀನಾ ಬಳ್ಳಿ ಕೇಳಿದಳು. ಅದಕ್ಕೆ ಅರಿಶಿನ ಹಚ್ಚಿ ಮಗುವಿನ ಅಜ್ಜಿಯೇ ಹಿತ್ತಲಲ್ಲಿ ಹೂಳುವುದು ನಮ್ಮ ಮನೆಯ ವಾಡಿಕೆ. ಗುಂಡಿ ತೋಡಿಸಿದ್ದ ನನ್ನ ಅಕ್ಕ ಕುಳ್ಳಮ್ಮ ಸಿಡಿದಳು.

"ಗಾಜಿನ ತಟ್ಟೇಲಿ ಇಕ್ಕಕ್ಕೆ ಇದೇನ್ ಉಪ್ಪಿನಕಾಯಾ? ಬಳ್ಳಿ ಮಣ್ಣು ಕಾಣ್ದಿದ್ರೆ ಹೂಳ್ಬೇಕಾದೋಳ್ಗೇ ಕೇಡು ಕಣೆ, ಭದ್ರಿ!"

"ಬುಡಿ ಅತ್ಗೆ, ಮಣ್ಣಿಗೆ ನಾನೇ ಓಗೋಳಲ್ವಾ?" ಎಂದು ನಕ್ಕ ಭದ್ರಮ್ಮ ಮೀನಾಳ ಕಡೆ ತಿರುಗಿದಳು. "ನನ್ ಕಾಲು ಉಳಿಸ್ಕೊಡವ್ವ. ಮೊಗ ಎತ್ಕಂಡು ಓಡಾಡ್ಬೇಕು."

"ದೊಡ್ಡಮ್ಮ, ಇದು ಔಷಧಿ ಆಗೋಕೆ ಎಷ್ಟೋ ವರ್ಷ ಬೇಕು."

"ಕಾಯ್ತೀನಿ ಬುಡು. ಮಿಕ್ಕಿದ್ ಬಳ್ಳಿ ತಂದ್ಕೊಡು, ನಾನೇ ಹೂಳ್ತೀನಿ."

ಗುಂಡಿಯ ಮೇಲೆ ಕಲ್ಲುಚಪ್ಪಡಿ ಮುಚ್ಚಿಸಿ ಕಾದಳು. ಕಾಲು ಕಾಯಲಿಲ್ಲ; ಹುಣ್ಣಿನ ನಂಜು ಮೈಗೇರಿತು.

ತಿಥಿಯ ಮಾರನೆಯ ದಿನ ಮೀನಾ ಮಿಕ್ಕ ಬಳ್ಳಿಯಿದ್ದ ಚಿಕ್ಕದೊಂದು ಡಬ್ಬಿ ತಂದಳು. ಅಕ್ಕ ಅವಳ ಮುಖ ನೋಡಲಿಲ್ಲ.

"ಪ್ರೋಟೀನು ಹೆಚ್ಚಿಸಿದ ತಟ್ಟೇಲಿ ನಮ್ಮ ಮಗೂನ ಕೋಶಗಳು ಬದುಕಿದ್ವು, ದೊಡ್ಡಪ್ಪ," ಎಂದಳು ಮೀನಾ. "ದೊಡ್ಡಮ್ಮಂಗೆ ಆಸ್ಪತ್ರೇಲೇ ಹೇಳ್ದೆ. 'ಅಂಗಾರೆ ಮೊಗ ನನ್ಗಿಂತ ಗಟ್ಟಿ ಕಣೆ' ಅಂದ್ರು."

ಅಕ್ಕ ಎದ್ದು ಬಂದು ಡಬ್ಬಿ ಕಿತ್ತುಕೊಂಡಳು. ಎಸೆಯುತ್ತಾಳೆಂದೇ ನಾನು ಬೆದರಿದೆ. ಅವಳು ಹಿತ್ತಲಿಗೆ ಹೋಗಿ, ಚಪ್ಪಡಿ ಸರಿಸಿ, ಆ ಬಳ್ಳಿಯ ತುಂಡಿಗೆ ಅರಿಶಿನ ಹಚ್ಚಿ ಗುಂಡಿಗಿಟ್ಟಳು.

"ನಿನ್ ಕೆಲ್ಸ ನಾನ್ ಮಾಡ್ದೆ ಕಣೆ, ಭದ್ರಿ. ಕೇಡೇನಾರ ಉಳಿದಿದ್ರೆ ನನ್ಗೇ ಇರ್ಲಿ," ಎಂದು ಮಣ್ಣೆಳೆದು, ಅದರ ಮೇಲೇ ಬಿದ್ದು ಅತ್ತಳು.

ಮೊಮ್ಮಗ ನನ್ನ ಹೆಗಲ ಮೇಲಿದ್ದ. ಅವನನ್ನು ಎತ್ತಿಕೊಂಡು ಆ ಮಣ್ಣಿನ ಸುತ್ತ ನಡೆದೆ, ಭದ್ರಮ್ಮ ನಡೆಯಬೇಕಿದ್ದ ಹಾಗೆ.

ತಂದೆ ನಂಜುಂಡೇಶ್ವರ, ಅವಳ ನೋವು ಇಲ್ಲಿಗೇ ಮುಗಿಯಲಿ. ನಿನ್ನ ಪಾದದ ಬಳಿ ಅವಳಿಗೆ ನೆರಳು ಕೊಡು, ಶಾಂತಿ ಕೊಡು.