ದೋಣಿಯಲ್ಲಿದ್ದ ಕಲ್ಲು

ಐವತ್ತಾರನೇ ವಯಸ್ಸಿನಲ್ಲಿ ವಿನೋದಿನಿ ಸ್ಕೂಬಾ ಡೈವಿಂಗ್ ಕಲಿತದ್ದು ಮೀನು ನೋಡುವ ಆಸೆಗಲ್ಲ, ಸಿಕ್ಕಿಬೀಳುವ ಹೆದರಿಕೆಗೆ.

ಇಪ್ಪತ್ತೆಂಟು ವರ್ಷದ ಹಿಂದೆ ಅವಳೂ ಗಂಡ ಶೇಖರನೂ ಬದ್ಲಾಪುರದಾಚೆ, ಉಲ್ಲಾಸ್ ನದಿಯ ದಂಡೆಯಲ್ಲಿದ್ದ ಪುಟ್ಟ ಹೋಟೆಲು ಮುಚ್ಚಿ ಮುಂಬೈಯ ಮಲಾಡಿಗೆ ಹೊರಟಿದ್ದರು. ಸಾಮಾನು ದಾಟಿಸಲು ಬಂದ ದೋಣಿಯವನು ಮೊದಲೇ ಹೇಳಿದ್ದ: ಪಾತ್ರೆ ಪಗಡ ಆಗಬಹುದು, ರುಬ್ಬುವ ಕಲ್ಲು ಮಾತ್ರ ಬೇಡ, ದೋಣಿ ಭಾರ ತಡೆಯದು. ಇಬ್ಬರೂ ತಲೆಯಾಡಿಸಿದರು. ಆಮೇಲೆ ವಿನೋದಿನಿ ಯಾರಿಗೂ ಕಾಣದ ಹಾಗೆ ಚಟ್ನಿ ಕಲ್ಲನ್ನು ಅಕ್ಕಿ ಮೂಟೆಯೊಳಗೆ ಹುದುಗಿಸಿದಳು. ಕಲ್ಲು ಬಿಟ್ಟು ಹೋದ ಹೋಟೆಲಿನವರು ಉದ್ಧಾರವಾದದ್ದುಂಟೇ! ಆದರೆ ದೋಣಿ ದಂಡೆ ಬಿಟ್ಟು ಸ್ವಲ್ಪ ದೂರದಲ್ಲೇ ಮುಳುಗಿತು. ಎಲ್ಲರೂ ಈಜಿ ಬದುಕಿದರು, ಸಾಮಾನೆಲ್ಲ ಹೋಯಿತು. "ದೋಣಿಯೇ ಹಳತು" ಎಂದ ಶೇಖರ. "ಹೌದು" ಎಂದಳು ಅವಳು. ಆ "ಹೌದು" ಗಂಟಲಲ್ಲಿ ಮುಳ್ಳಾಗಿ ಉಳಿಯಿತು.

ಈಗ ಮಗಳು ಯಕ್ಷಿತಾ ಡೈವಿಂಗ್ ಕಲಿಸುತ್ತಾಳೆ. ಒಂದು ದಿನ ಊಟಕ್ಕೆ ಕೂತವಳು, "ಮಮ್ಮಿ, ನಿಮ್ಮ ಬೋಟ್ ಮಿಲ್ ಗಯಾ, ನದಿಯ ತಳದಲ್ಲೇ ಉಂಟು! ಚಳಿಗಾಲದಲ್ಲಿ ನೀರು ಕ್ಲಿಯರ್ ಆದ್ಮೇಲೆ ಫೋಟೋ ತೆಗೀತೇವೆ" ಅಂದಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡ ಹಾಗಾಯಿತು ವಿನೋದಿನಿಗೆ. "ನಾನೂ ಬರ್ತೇನೆ" ಎಂದುಬಿಟ್ಟಳು. ಫೋಟೋ ತೆಗೆಯುವ ಮೊದಲೇ ಕಲ್ಲನ್ನು ಕೆಸರಿಗೆ ತಳ್ಳಬೇಕು!

ಜನವರಿಯ ಒಂದು ಭಾನುವಾರ ಬೆಳಿಗ್ಗೆ ಮೂವರೂ ಆ ದಂಡೆಗೆ ಬಂದರು. ಶೇಖರ ಇಡ್ಲಿ ಡಬ್ಬಿ ಹಿಡಿದು ಬಂಡೆಯ ಮೇಲೆ ಕೂತ. "ದೋಣಿಯಲ್ಲಿ ನಮ್ಮ ಹಂಡೆ ಬಿದ್ದಿರ್ತದೆ, ಅದರ ಹತ್ರ ಹೋಗ್ಬೇಡ ಮಾರಾಯ್ತಿ, ಕೆಸರುಂಟು" ಎಂದು ಮೂರು ಸಲ ಹೇಳಿದ.

ಯಕ್ಷಿತಾ ಅಮ್ಮನ ಸೊಂಟದ ಪಟ್ಟಿಯಿಂದ ಎರಡು ಸೀಸದ ತುಂಡು ತೆಗೆದಳು. "ನೀನು ಕಲ್ತದ್ದು ಸಮುದ್ರದಲ್ಲಿ. ನದಿಯ ಮೀಠಾ ಪಾನಿಗೆ ಇಷ್ಟು ಭಾರ ಬೇಡ, ಮಮ್ಮಿ."

ಮೊಣಕಾಲು, ಸೊಂಟ, ಎದೆ; ಆಮೇಲೆ ತಲೆಯ ಮೇಲೆಲ್ಲ ಹಸಿರು ನೀರು. ಯಕ್ಷಿತಾ ಕ್ಯಾಮೆರಾ ಹಿಡಿದು ಸ್ವಲ್ಪ ಹಿಂದೆ. ಅಬ್ಬಾ, ಎಷ್ಟು ಚಂದ! ಬಂದ ಕೆಲಸವನ್ನೇ ಅವಳು ಒಂದು ಗಳಿಗೆ ಮರೆತಳು. ಸಣ್ಣ ಮೀನುಗಳ ಹಿಂಡು ಸರಿದಾಗ ದೋಣಿಯ ಪಕ್ಕೆಲುಬು ಕಂಡಿತು. ಮೂಟೆಯೂ ಇಲ್ಲ, ಅಕ್ಕಿಯೂ ಇಲ್ಲ, ಕಲ್ಲು ಮಾತ್ರ ಕೂತಿತ್ತು. ತಳ್ಳಿದಳು, ಜಪ್ಪಯ್ಯ ಎಂದರೂ ಅಲುಗಲಿಲ್ಲ. ಪಕ್ಕದಲ್ಲೇ ತಾಮ್ರದ ಹಂಡೆ ಅಡ್ಡ ಬಿದ್ದಿತ್ತು. ಟಾರ್ಚ್ ಬೆಳಕು ಬಿಟ್ಟು ಒಳಗೆ ನೋಡಿದರೆ, ಅಲ್ಲೊಂದು ಕಲ್ಲು. ಇಡ್ಲಿಗೆ ರುಬ್ಬುತ್ತಿದ್ದ ದೊಡ್ಡ ಕಲ್ಲು!

ಸೊಂಟದುದ್ದ ನೀರಿಗೆ ಬಂದು ನಿಂತವಳೇ ಕೂಗಿದಳು, "ಹಂಡೆಯಲ್ಲಿ ಎಂಥ ಇಟ್ಟಿದ್ರಿ ಮಾರಾಯ್ರೆ?"

ಶೇಖರ ತಲೆ ತಗ್ಗಿಸಿದ. "ನಿನ್ನ ಅಮ್ಮ ಕೊಟ್ಟ ಕಲ್ಲಲ್ವಾ... ಬಿಟ್ಟು ಬರ್ಲಿಕ್ಕೆ ಮನಸ್ಸಾಗ್ಲಿಲ್ಲ. ದೋಣಿ ಮುಳುಗಿಸಿದ್ದು ನಾನೇ."

ಈಗ ಸುಮ್ಮನಿದ್ದರೆ ಇಡೀ ದೋಣಿ ಅವನ ತಲೆಯ ಮೇಲೆ, ಅವಳು ಪಾರು. ಆದರೆ ಅವನು ಡಬ್ಬಿಯ ಮುಚ್ಚಳ ತೆಗೆದು ಮುಚ್ಚುತ್ತಲೇ ಇದ್ದ. ಪಾಪ, ಇಷ್ಟು ವರ್ಷ ಇವನೂ ಇದನ್ನು ಹೊತ್ತನಲ್ಲ ಎಂದು ಅವಳ ಕಣ್ಣು ತುಂಬಿತು.

"ನೀವೊಬ್ಬರೇ ಅಲ್ಲ. ಅಕ್ಕಿ ಮೂಟೆಯಲ್ಲಿ ಚಟ್ನಿ ಕಲ್ಲು ಇಟ್ಟದ್ದು ನಾನು."

ಶೇಖರ ಬಾಯಿ ಬಿಟ್ಟುಕೊಂಡು ನೋಡಿದ. ಆಮೇಲೆ ನಗು ಶುರುವಾಯಿತು ನೋಡಿ, ಹೊಟ್ಟೆ ಹಿಡಿದುಕೊಂಡು ನಕ್ಕ, ಅವಳು ನೀರಿನಲ್ಲೇ ಕುಸಿದು ನಕ್ಕಳು.

"ದೋಣಿಯವನಿಗೆ ಎಷ್ಟು ಬೈದೆವು ಮಾರಾಯ್ತಿ!"

"ಯಾವ ಪತ್ಥರನ್ನು ಮೇಲಕ್ಕೆ ತರ್ಬೇಕು, ಚಟ್ನಿದಾ, ಇಡ್ಲಿದಾ?" ಆಗಲೇ ನೀರಿನಿಂದ ಎದ್ದು ಬಂದಿದ್ದ ಯಕ್ಷಿತಾ ಕೇಳಿದಳು.

"ಎರಡೂ!" ಎಂದರು ಇಬ್ಬರೂ ಒಟ್ಟಿಗೆ.

"ಒಂದೊಂದೇ," ಎಂದಳು ಮಗಳು. "ಒಟ್ಟಿಗೆ ಹೇರಿದ್ರೆ ಏನಾಗ್ತದೆ ಅಂತ ಗೊತ್ತುಂಟಲ್ಲಾ!"